ರಸ್ತೆ ದಾಟಲು ಸಿಂಗಳೀಕ ನೆಲಕ್ಕೆ ಇಳಿಯುತ್ತಿದೆ, ಮರದ ನೆತ್ತಿ ಬಲ್ಲವರು ದಯವಿಟ್ಟು ಹೇಳಿ

ಕಾನಂಚಿನ ಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬಿಡುವು ಮಾಡಿಕೊಂಡು ಓದಿ.

ನಮ್ಮ ಮನೆ ಹೊನ್ನಾವರ ಮತ್ತು ಸಿದ್ದಾಪುರದ ನಡುವೆ, ಶರಾವತಿ ಕಡೆಗೆ ಇಳಿಯುವ ಘಟ್ಟದಲ್ಲಿದೆ. ಊರಿನ ಹೆಸರು ಬರೆಯುವುದಿಲ್ಲ. ಸಿಂಗಳೀಕ ಅನ್ನುವ ಕಾಡುಕೋತಿ ಇದೆ ಅಂತ ಗೊತ್ತಾದರೆ ಕಾರು ಸಾಲುಗಟ್ಟುತ್ತವೆ. ತೋಟ ಮುಗಿದರೆ ಸೊಪ್ಪಿನ ಬೆಟ್ಟ, ಬೆಟ್ಟ ಮುಗಿದರೆ ಕಾನು, ಅಂದರೆ ದಟ್ಟ ಕಾಡು. ಆ ಕಾನನ್ನು ಹುಟ್ಟಿದಾಗಿನಿಂದ ಕೆಳಗಿನಿಂದಲೇ ನೋಡಿದ್ದೆ. ಅಪ್ಪ ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಕೊಯ್ಯಲು ಹತ್ತುತ್ತಿದ್ದರು. "ಮೇಲೆ ಏನಿದೆ ಅಪ್ಪ?" ಅಂತ ಕೇಳಿದರೆ "ಗಾಳಿ ಇದೆ" ಅನ್ನುತ್ತಿದ್ದರು. ಅಷ್ಟೇ.

ಈ ಫೆಬ್ರವರಿಯಲ್ಲಿ ಸಾಲುಧೂಪ ಹೂ ಬಿಟ್ಟಿತ್ತು. ಕಾಡಿನ ಮರಗಳ ಬಗ್ಗೆ ಓದುತ್ತಿರುವ ಇಬ್ಬರು ಹುಡುಗಿಯರು ಅನುಮತಿ ತೆಗೆದುಕೊಂಡು ಬಂದು ನಮ್ಮನೆಯಲ್ಲಿ ಉಳಿದಿದ್ದರು. ಹಗ್ಗ, ಸೊಂಟದ ಪಟ್ಟಿ, ಹೆಲ್ಮೆಟ್ ಎಲ್ಲ ತಂದಿದ್ದರು. "ಅಕ್ಕ, ನೀವೂ ಬನ್ನಿ" ಅಂದರು. ನನಗೆ 42 ವರ್ಷ. ಮೊದಲ ಸಲ ಕಾನಿನ ನೆತ್ತಿಗೆ ಹೋದೆ. ಸುಮಾರು 80 ಅಡಿ.

ಅರ್ಧ ದಾರಿಯವರೆಗೆ ತಂಪು, ಮಬ್ಬು, ಪಾಚಿಯ ವಾಸನೆ. ಆಮೇಲೆ ಒಮ್ಮೆಲೇ ಬಿಸಿಲು, ಒಣ ಎಲೆಯ ಸದ್ದು, ಮುಖಕ್ಕೆ ಗಾಳಿ. ಒಂದೇ ಮರಕ್ಕೆ ಎರಡು ಋತು ಇದ್ದ ಹಾಗೆ. ಇಡೀ ಚಂಡೆ, ಅಂದರೆ ಮರದ ಎಲೆ ತುಂಬಿದ ತಲೆ, ಗುಂಯ್ ಅನ್ನುತ್ತಿತ್ತು, ಅಷ್ಟು ತುಡುವೆ ಜೇನು. ಧೂಪದ ಹೂವಿನ ವಾಸನೆ ಕೆಳಗೆ ನಮಗೆ ಎಷ್ಟೋ ಸಲ ಬಂದಿದೆ. ಆದರೆ ಅದರ ಒಳಗೆ ಕೂತುಕೊಳ್ಳುವುದೇ ಬೇರೆ.

ಒಂದು ಗಂಟೆ ಅಲುಗಾಡದೆ ಕೂತಿದ್ದಕ್ಕೆ ಸಿಂಗಳೀಕದ ಗುಂಪು ಬಂತು. ಮುಖದ ಸುತ್ತ ಬೆಳ್ಳಿ ಕೂದಲು, ಬಾಲದ ತುದಿಯಲ್ಲಿ ಕುಚ್ಚು. ಒಂದು ಹೆಣ್ಣು ನನ್ನಿಂದ 15 ಅಡಿ ದೂರದ ಕೊಂಬೆಯಲ್ಲಿ ಕೂತು ಸುರುಳಿ ಸುತ್ತಿದ ಒಣ ಎಲೆಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತಿತ್ತು. ಒಂದರಲ್ಲಿ ಕಂಬಳಿಹುಳ ಸಿಕ್ಕಿತು. ಅದನ್ನು ಹಾಗೇ ಬಾಯಿಗೆ ಹಾಕಲಿಲ್ಲ. ಹಸಿ ಎಲೆ ಕಿತ್ತು, ಹುಳವನ್ನು ಅದರಲ್ಲಿ ಸುತ್ತಿ, ಕೊಂಬೆಗೆ ಒತ್ತಿ ತಿಕ್ಕಿತು. ಬಿಚ್ಚಿ ನೋಡಿತು. ಮತ್ತೆ ತಿಕ್ಕಿತು. ಕೂದಲೆಲ್ಲ ಹೋದ ಮೇಲೆ ತಿಂದಿತು. ಅಮ್ಮ ಕೆಸುವಿನ ಎಲೆ ತೊಳೆದು ತಿರುಗಿಸಿ ನೋಡುತ್ತಿದ್ದದ್ದು ನೆನಪಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಮಳೆಗಾಲಕ್ಕೆ ಮೊದಲು ರಸ್ತೆ ಅಗಲ ಮಾಡಿದರು. ಒಂದು ಧೂಪ, ಒಂದು ದೊಡ್ಡ ನೇರಳೆ ಹೋದವು. ಎರಡೂ ರಸ್ತೆಯ ಮೇಲೆ ತಲೆ ಕೂಡಿಸಿದ್ದವು. ಈಗ ಅಲ್ಲಿ 40 ಅಡಿ ಆಕಾಶ. ಸಿಂಗಳೀಕಗಳು ಕಾನಿನ ಆಚೆ ತುಂಡಿಗೆ ಹೋಗಬೇಕಾದರೆ ನೆಲಕ್ಕೆ ಇಳಿದು ಡಾಂಬರು ದಾಟುತ್ತಿವೆ. ಮರಿ ಕಟ್ಟಿಕೊಂಡ ತಾಯಿ ರಸ್ತೆ ಅಂಚಿನಲ್ಲಿ ಹಿಂದೆ ಮುಂದೆ ಆಡುವುದನ್ನು ಎರಡು ಸಲ ನೋಡಿದೆ. ಮೂರನೇ ಸಲ ನೋಡಲು ನನಗೆ ಧೈರ್ಯವಿಲ್ಲ. ಏನು ಮಾಡಬಹುದು? ಮೇಲಿನಿಂದಲೇ ದಾಟಲು ಸೇತುವೆಯಂಥದ್ದು ಕಟ್ಟಬಹುದಾ?

ಕೊನೆಗೌಡರ ಮಗ

ಅಕ್ಕ, ನಿಮ್ಮ ಅಪ್ಪ ಹೇಳಿದ್ದು ಸರಿ. ಮೇಲೆ ಗಾಳಿಯೇ ಮುಖ್ಯ. ಗಾಳಿ ನೋಡದೆ ಮರ ಹತ್ತಿದವನು ಕೆಲಸ ಮಾಡಲಾರ.

ನಮ್ಮಪ್ಪ 30 ವರ್ಷ ಅಡಿಕೆ ಕೊನೆ ಕೊಯ್ದವರು. ಒಂದು ಅಡಿಕೆ ಮರ ಹತ್ತಿದರೆ ಮತ್ತೆ ನೆಲಕ್ಕೆ ಇಳಿಯುತ್ತಿದ್ದದ್ದು ಸಾಲು ಮುಗಿದ ಮೇಲೆ. ಮೈಭಾರದಿಂದ ಮರವನ್ನು ತೂಗಿ, ಪಕ್ಕದ ಮರದ ಚಂಡೆ ಹಿಡಿದು, ಅಲ್ಲಿಗೆ ದಾಟಿಕೊಳ್ಳುತ್ತಿದ್ದರು. ಸಣ್ಣವನಿದ್ದಾಗ ಕೆಳಗೆ ನಿಂತು ಮಿಣಿ ಹಿಡಿಯುತ್ತಿದ್ದೆ, ನನಗೆ ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು. "ಇಳಿದು ಹತ್ತಬಹುದಲ್ಲ" ಅಂದರೆ, "ಪ್ರತಿ ಮರಕ್ಕೂ ಇಳಿದು ಹತ್ತಿದರೆ ಮಧ್ಯಾಹ್ನಕ್ಕೆ ಕಾಲು ಬಿದ್ದುಹೋಗುತ್ತದೆ" ಅನ್ನುತ್ತಿದ್ದರು. ನಡುವೆ ಒಂದು ಮರ ಸತ್ತು ಜಾಗ ಖಾಲಿಯಾದರೆ ಅವರಿಗೆ ಅಲ್ಲಿ ದಿನದ ಲೆಕ್ಕವೇ ತಪ್ಪುತ್ತಿತ್ತು.

ಸಿಂಗಳೀಕದ ಕಷ್ಟವೂ ಅದೇ ಅಂತ ನಿಮ್ಮ ಬರಹ ಓದುವಾಗ ಅನಿಸಿತು. ಮರ ಎರಡೇ ಹೋಗಿರಬಹುದು, ಆದರೆ ಸಾಲು ತುಂಡಾಯಿತು. ಈಗ ನೆಲದಿಂದಲೇ ಕೊಯ್ಯುವ ಫೈಬರ್ ದೋಟಿ ಬಂದಿದೆ, ನಮ್ಮ ಕಡೆ ಹತ್ತುವವರು ಕಡಿಮೆ. ನಿಮಗೆ ಮರ ಹತ್ತುವವರು ಬೇಕಾದರೆ ನಾನು ಬರುತ್ತೇನೆ. ಸುಮ್ನೆ ಹೇಳುತ್ತಿಲ್ಲ.

ಆಗುಂಬೆ ಮಳೆ

ಒಳ್ಳೆಯ ಬರಹ. ಕಂಬಳಿಹುಳದ ಭಾಗ ಮನೆಯವರಿಗೆಲ್ಲ ಓದಿ ಹೇಳಿದೆ.

ಮರದಿಂದ ಮರಕ್ಕೆ ಹೋಗುವ ಮಾತು ಬಂತಲ್ಲ, ನಮ್ಮ ಕಡೆಯ ಹಾರುವ ಓತಿಯ ಬಗ್ಗೆ ಹೇಳಲೇಬೇಕು. ಹಳೆಯ ಅಡಿಕೆ ತೋಟದಲ್ಲಿ ಬೆಳಿಗ್ಗೆ ಒಂಬತ್ತರ ಬಿಸಿಲು ಬಂದ ಮೇಲೆ ನಿಂತರೆ ಕಾಣುತ್ತದೆ. ಮರದ ತೊಗಟೆಗೆ ಅಂಟಿಕೊಂಡಿದ್ದರೆ ಎರಡು ಅಡಿ ದೂರದಿಂದಲೂ ಗೊತ್ತಾಗಲ್ಲ. ಗಂಡು ಗಂಟಲಿನ ಹಳದಿ ಚೀಲ ಹೊರಗೆ ಚಾಚಿ ಮಡಚಿದಾಗ ಮಾತ್ರ "ಓ, ಇಲ್ಲಿದೆ" ಅಂತ ಸಿಗುತ್ತದೆ. ಅದರ ರೆಕ್ಕೆ ಅಂದರೆ ಪಕ್ಕೆಲುಬಿನ ಮೇಲೆ ಹರಡಿದ ಚರ್ಮ. ಪಕ್ಕೆಲುಬು ಕೊಡೆಯ ಕಡ್ಡಿಯ ಹಾಗೆ ಬಿಚ್ಚಿಕೊಳ್ಳುತ್ತದೆ.

ನನಗೆ ತುಂಬಾ ಇಷ್ಟವಾದ ವಿಷಯ ಬೇರೆ ಇದೆ. ಹಾರುವಾಗ ಇದರ ಮುಂಗಾಲು ಏನು ಮಾಡುತ್ತದೆ ಅಂತ ಯಾರೂ ಸರಿಯಾಗಿ ನೋಡಿರಲಿಲ್ಲ. 2017ರಲ್ಲಿ ಜರ್ಮನಿಯ ಸಂಶೋಧಕರೊಬ್ಬರು ಇದೇ ಆಗುಂಬೆಯ ಓತಿಗಳ ಫೋಟೋ ತೆಗೆದು ಬರೆದರು. ಓತಿ ಜಿಗಿದ ಕೂಡಲೇ ಎರಡೂ ಮುಂಗಾಲನ್ನು ಹಿಂದಕ್ಕೆ ತಂದು ಆ ಚರ್ಮದ ಮುಂದಿನ ಅಂಚನ್ನು ಕೈಯಲ್ಲಿ ಹಿಡಿದುಕೊಳ್ಳುತ್ತದೆ. ಹಿಡಿದೇ ತಿರುಗುತ್ತದೆ. ಮರ ಹತ್ತಿರ ಬಂದಾಗ ಕೈ ಬಿಟ್ಟು ತೊಗಟೆ ಹಿಡಿಯುತ್ತದೆ. ನಮ್ಮ ತೋಟದಲ್ಲೇ ಇರುವ ಪ್ರಾಣಿ, ನಮ್ಮ ಅಜ್ಜ ಮುತ್ತಜ್ಜ ಎಲ್ಲ ನೋಡಿದ ಪ್ರಾಣಿ, ಅದರ ಕೈ ಎಲ್ಲಿರುತ್ತದೆ ಅಂತ ಗೊತ್ತಾಗಲು ಅಷ್ಟು ಕಾಲ ಬೇಕಾಯಿತು!

ಇದಕ್ಕೂ ನೆಲ ಅಂದರೆ ಆಗದು. ಹೆಣ್ಣು ಮೊಟ್ಟೆ ಇಡಲು ಮಾತ್ರ ಕೆಳಗೆ ಬರುತ್ತದೆ. ಆದರೆ 40 ಅಡಿಯನ್ನು ಓತಿ ತೇಲಿಕೊಂಡು ದಾಟೀತು. ಹಾರುಬೆಕ್ಕು, ಅಂದರೆ ಹಾರುವ ಅಳಿಲು, ಸಲೀಸಾಗಿ ದಾಟೀತು. ಸಿಂಗಳೀಕ ದಾಟಲಾರದು.

ಬೆಂಗಳೂರಿನ ಓದುಗ

ನನ್ನ ಎಂ.ಎಸ್ಸಿ. ಇದೇ ವಿಷಯದ ಸುತ್ತ ಇತ್ತು, ಹಾಗಾಗಿ ನಾಲ್ಕು ಮಾತು.

ಮರದ ನೆತ್ತಿಯನ್ನು ಜನ ಗಂಭೀರವಾಗಿ ನೋಡಲು ಶುರುಮಾಡಿ 50 ವರ್ಷ ಆಗಿರಬಹುದು ಅಷ್ಟೇ. ಟೆರಿ ಎರ್ವಿನ್ ಎಂಬ ಕೀಟತಜ್ಞರು ಪನಾಮಾದಲ್ಲಿ ಒಂದೇ ಜಾತಿಯ 19 ಮರಗಳಿಗೆ ಕೆಳಗಿನಿಂದ ಕೀಟನಾಶಕದ ಹೊಗೆ ಹಾಕಿ, ಮೇಲಿನಿಂದ ಬಿದ್ದ ಹುಳಗಳನ್ನು ಎಣಿಸಿದರು. ದುಂಬಿಗಳೇ ಸಾವಿರದಷ್ಟು ಬಗೆ ಇದ್ದವು. ಆ ಲೆಕ್ಕ ಹಿಡಿದು 1982ರಲ್ಲಿ ಜಗತ್ತಿನಲ್ಲಿ 3 ಕೋಟಿ ಜಾತಿಯ ಕೀಟ ಮತ್ತು ಅದರ ಬಳಗ ಇರಬಹುದು ಅಂದರು. ಆಮೇಲಿನ ಅಂದಾಜುಗಳು ಅದಕ್ಕಿಂತ ತುಂಬಾ ಕಡಿಮೆ. ಆದರೂ ಎಲ್ಲರೂ ಕತ್ತು ಎತ್ತಿ ನೋಡುವ ಹಾಗೆ ಮಾಡಿದ್ದು ಆ ಲೆಕ್ಕ.

ನಮ್ಮ ಹತ್ತಿರದ ಕೆಲಸ ಅಂದರೆ ತಮಿಳುನಾಡಿನ ಕಳಕಾಡು ಮುಂಡಂತುರೈ ಕಾಡಿನದು. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಟಿ. ಗಣೇಶ್ ಮತ್ತು ಸೌಭದ್ರಾ ದೇವಿ ಅಲ್ಲಿನ ಮರಗಳನ್ನು ಹತ್ತಿ, ಹೂವಿಗೆ ಯಾರು ಯಾರು ಬರುತ್ತಾರೆ ಅಂತ ನೋಡಿದರು. ಕುಲ್ಲೇನಿಯಾ ಎಂಬ ಮರದ ಹೂವಿಗೆ ಬಾವಲಿ, ಸಿಂಗಳೀಕ, ಕೆಂದಳಿಲು ಎಲ್ಲ ಬರುತ್ತವೆ. 2009ರಲ್ಲಿ ಈ ವಿಷಯದ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು.

ಅಕ್ಕ, ಒಂದು ಪ್ರಶ್ನೆ. ಮೇಲೆ ಕೊಂಬೆಯ ಕವಲಲ್ಲಿ ಮಣ್ಣು ಇತ್ತಾ?

ಕಾನಂಚಿನ ಮನೆ

ಇತ್ತು! ಅದನ್ನು ಬರೆಯಬೇಕು ಅಂದುಕೊಂಡು ಮರೆತೆ. ದಪ್ಪ ಕೊಂಬೆಯೊಂದು ಒಡೆದ ಜಾಗದಲ್ಲಿ ಅಂಗೈ ಆಳದಷ್ಟು ಕಪ್ಪು ಮಣ್ಣು. ಕೈ ಹಾಕಿದರೆ ಒದ್ದೆ. ಅದರ ಮೇಲೆ ಸೀತಾಳೆ ದಂಡೆ ಅನ್ನುವ ಆರ್ಕಿಡ್ ಬೇರು ಬಿಟ್ಟಿತ್ತು, ಪಕ್ಕದಲ್ಲಿ ಜರಿಗಿಡ. ಬೆರಳಲ್ಲಿ ಸರಿಸಿದಾಗ ಸಣ್ಣದೊಂದು ಸಾವಿರಕಾಲು ಚಕ್ಕುಲಿಯಾಯಿತು. ಇಷ್ಟು ಎತ್ತರಕ್ಕೆ ಮಣ್ಣು ಹೊತ್ತು ತಂದವರು ಯಾರು ಅಂತ ಅಲ್ಲೇ ಯೋಚಿಸುತ್ತಾ ಕೂತೆ.

ಬೆಂಗಳೂರಿನ ಓದುಗ

ಯಾರೂ ಹೊರಲಿಲ್ಲ, ಅಲ್ಲೇ ಆಯಿತು. ಬಿದ್ದ ಎಲೆ, ಪಾಚಿ, ಹಕ್ಕಿಯ ಹಿಕ್ಕೆ, ಗಾಳಿಯ ಧೂಳು ಎಲ್ಲ ಕವಲಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಕೊಳೆತರೆ ಮಣ್ಣು. ನಳಿನಿ ನಾಡಕರ್ಣಿ ಅಂತ ವಿಜ್ಞಾನಿ ಇದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮಳೆಕಾಡಿನಲ್ಲಿ ಮೇಪಲ್ ಮರದ ಕೊಂಬೆಯ ಮೇಲಿನ ಪಾಚಿಯನ್ನು ಎತ್ತಿ ನೋಡಿದರು. ಮರ ತನ್ನ ಕೊಂಬೆಯಿಂದಲೇ ಬೇರು ಬಿಟ್ಟು ಆ ಮಣ್ಣಿನಿಂದ ಸಾರ ಹೀರುತ್ತಿತ್ತು. 1981ರಲ್ಲಿ ಬರೆದರು. ಅದಕ್ಕೇ ಒಂದು ಹಳೆಯ ಮರ ಕಡಿದು ಹತ್ತು ಸಸಿ ನೆಟ್ಟೆವು ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಆ ಕವಲಿನ ಮಣ್ಣನ್ನು ಯಾರು ನೆಡುತ್ತಾರೆ?

ತೋಟ ನಂಬಿದವ

ಎಲ್ಲರೂ ಚೆಂದ ಬರೆಯುತ್ತಿದ್ದೀರಿ. ನಾನು ಸ್ವಲ್ಪ ಕಹಿ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ.

ನನಗೆ ಒಂದೂವರೆ ಎಕರೆ. ಮಂಗ ಎಳೆ ಅಡಿಕೆ ಕಿತ್ತು ಚೀಪಿ ಉಗಿಯುತ್ತದೆ. ಕೆಂದಳಿಲು ತೆಂಗಿನ ಕಾಯಿ ಕೊರೆಯುತ್ತದೆ. ಬಾಳೆಗೊನೆ ಮನೆಗೆ ಬರುವುದೇ ಇಲ್ಲ. ಹೀಗಿರುವಾಗ ಸೇತುವೆ ಕಟ್ಟಿ ಅವನ್ನು ಈಚೆ ಕರೆದುಕೊಂಡು ಬಂದರೆ ನಾನು ಏನು ಮಾಡಲಿ? ಪರಿಹಾರದ ಅರ್ಜಿ ಹಿಡಿದು ಓಡಾಡಿ ಚಪ್ಪಲಿ ಸವೆದಿದೆ.

ಕಾನಂಚಿನ ಮನೆ

ಅಣ್ಣ, ಬೇಸರ ಯಾಕೆ. ನಮ್ಮ ತೋಟದ್ದೂ ಅದೇ ಕಥೆ. ಕಳೆದ ವರ್ಷ ನಮಗೆ ಸಿಕ್ಕಿದ್ದು ನಾಲ್ಕು ಬಾಳೆಗೊನೆ.

ಆದರೆ ನೀವು ಹೇಳುವ ಮಂಗ ಬೇರೆ. ಊರ ಮಂಗ ನೆಲದಲ್ಲೂ ಬದುಕುತ್ತದೆ, ಅಂಗಡಿ ಮುಂದೆಯೂ ಬದುಕುತ್ತದೆ. ಸಿಂಗಳೀಕಕ್ಕೆ ಕಾನು ಬಿಟ್ಟರೆ ಬೇರೆ ಮನೆಯಿಲ್ಲ. ಇಡೀ ಪ್ರಪಂಚದಲ್ಲಿ ನಮ್ಮ ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಪ್ರಾಣಿ, ಕರ್ನಾಟಕ, ಕೇರಳ, ತಮಿಳುನಾಡು ಅಷ್ಟೇ. ಒಂದು ಸಲಕ್ಕೆ ಒಂದೇ ಮರಿ, ಅದೂ ವರ್ಷ ವರ್ಷ ಅಲ್ಲ. ಅಘನಾಶಿನಿ ಕಣಿವೆಯನ್ನು 2011ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದ್ದು, 2019ರಲ್ಲಿ ಶರಾವತಿ ಕಣಿವೆಯ 930 ಚದರ ಕಿ.ಮೀ.ಯನ್ನು ಸಿಂಗಳೀಕ ಅಭಯಾರಣ್ಯ ಅಂತ ಕರೆದದ್ದು ಇದಕ್ಕಾಗಿಯೇ. ಹಲಸು ಹಣ್ಣಾದಾಗ ತೋಟದ ಅಂಚಿಗೆ ಬರುತ್ತವೆ, ಇಲ್ಲ ಅನ್ನುವುದಿಲ್ಲ. ಆ ಎರಡು ಹಲಸಿನ ಮರವನ್ನು ನಾವು ಅವಕ್ಕೇ ಬಿಟ್ಟಿದ್ದೇವೆ.

ಮತ್ತೆ ಇನ್ನೊಂದು ಮಾತು. ಅಪ್ಪನ ಕಾಲದಲ್ಲಿ ಉಪ್ಪಾಗೆ ಸಿಪ್ಪೆಗೆ ಬೆಲೆ ಬಂತು. ತೂಕ ಇಳಿಸುವ ಮಾತ್ರೆಗೆ ಬೇಕಂತೆ ಅಂತ ವ್ಯಾಪಾರಿಗಳು ಮನೆಬಾಗಿಲಿಗೆ ಬಂದರು. ಹಣ್ಣಾಗುವವರೆಗೆ ಕಾಯದೆ ಜನ ಕೊಂಬೆಯನ್ನೇ ಕಡಿದು ಬೀಳಿಸಿದರು. ಸಿಪ್ಪೆ ಒಣಗಿಸಲು ಮಳೆಗಾಲವಿಡೀ ಕಟ್ಟಿಗೆ ಉರಿಸಿದರು. ಆ ಹಣ್ಣು ಸಿಂಗಳೀಕದ ಮಳೆಗಾಲದ ಊಟ. ಅಪ್ಪ ಮಾತ್ರ ಪ್ರತಿ ಮರದಲ್ಲಿ ತುದಿಕೊಂಬೆ ಬಿಟ್ಟು ಬರುತ್ತಿದ್ದರು. ನಾವೂ ತಿಂದಿದ್ದೇವೆ ಅಣ್ಣ ಆ ಕಾನಿನಿಂದ. ಈಗ ಅವು ದಾಟುವ ದಾರಿ ನಮ್ಮ ಕಡೆಯವರ ಕೆಲಸದಿಂದಲೇ ಮುರಿದಿದೆ.

ತೋಟ ನಂಬಿದವ

ನೀವು ಹೇಳಿದ್ದು ಒಪ್ಪುತ್ತೇನೆ. ಸಿಂಗಳೀಕ ನನ್ನ ತೋಟಕ್ಕೆ ಬಂದಿದ್ದು ನೆನಪಿಲ್ಲ. ಸೇತುವೆ ತೋಟದ ಕಡೆ ಅಲ್ಲ, ಕಾನಿನಿಂದ ಕಾನಿಗೆ ಇರಲಿ. ಅಷ್ಟು ನೋಡಿಕೊಳ್ಳಿ.

ಜೋಯಿಡಾದವಳು

ದೊಡ್ಡ ಮಂಗಟ್ಟೆ ಹಕ್ಕಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಮ್ಮಲ್ಲಿ ಮಂಗಟ್ಟೆ ಕಾಣುವ ಮೊದಲು ಕೇಳಿಸುತ್ತದೆ. ರೆಕ್ಕೆ ಬಡಿದರೆ ಹುಸ್ಸ್, ಹುಸ್ಸ್ ಅಂತ ಗಾಳಿ ಸೀಳುವ ಸದ್ದು ದೂರಕ್ಕೆ ಬರುತ್ತದೆ. ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಹೋಗಿ ಬಾಗಿಲನ್ನು ಹಿಕ್ಕೆಯಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಬರುವಷ್ಟೇ ಸೀಳು. ತಿಂಗಳುಗಟ್ಟಲೆ ಗಂಡು ಅತ್ತಿ, ಆಲ, ಬಸರಿ ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತದೆ. ಗಂಟಲಿನಿಂದ ಒಂದೊಂದೇ ಹಣ್ಣು ಹೊರಗೆ ತೆಗೆದು, ಕೊಕ್ಕಿನ ತುದಿಯಲ್ಲಿ ಹಿಡಿದು ಕೊಡುವುದನ್ನು ನೋಡಬೇಕು. ಅಷ್ಟು ದೊಡ್ಡ ಕೊಕ್ಕಿನಲ್ಲಿ ಅಷ್ಟು ಜೋಪಾನ.

ಇಂಥ ಪೊಟರೆ ಸಿಗುವುದು ವಯಸ್ಸಾದ ಮರದಲ್ಲಿ ಮಾತ್ರ. ದಾಂಡೇಲಿ ಸುತ್ತ 2011ರಲ್ಲಿ ಮಂಗಟ್ಟೆಗಾಗಿಯೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಗೂಡಿನ ಹತ್ತಿರ ದಯವಿಟ್ಟು ಹೋಗಬೇಡಿ. ಮನುಷ್ಯ ನಿಂತಿದ್ದರೆ ಗಂಡು ಹಣ್ಣು ಹಿಡಿದು ದೂರದಲ್ಲೇ ಕೂತಿರುತ್ತದೆ, ಒಳಗೆ ತಾಯಿ ಮರಿ ಹಸಿದಿರುತ್ತವೆ.

ಮೈಸೂರಿನ ಅಮ್ಮ

ಮಧ್ಯೆ ಬಂದೆ, ಕ್ಷಮಿಸಿ. ಮಗಳಿಗೆ 9 ವರ್ಷ, ಮರದ ನೆತ್ತಿ ತೋರಿಸಿ ಅಂತ ಹಠ. ಹಗ್ಗ ಹಿಡಿದು ಹತ್ತಲು ಆಗಲ್ಲ. ಬೇರೆ ದಾರಿ ಇದೆಯಾ?

ಜೋಯಿಡಾದವಳು

ಇದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ, ಕ್ಯಾಸಲ್ ರಾಕ್ ಹತ್ತಿರದ ಕುವೇಶಿಯಲ್ಲಿ ಮರದಿಂದ ಮರಕ್ಕೆ ಕಟ್ಟಿದ ನಡೆಸೇತುವೆ ಇದೆ. ಹೋಗುವ ಮೊದಲು ತೆರೆದಿದೆಯಾ ಅಂತ ಇಲಾಖೆಯಲ್ಲಿ ಕೇಳಿ. ಮಗಳಿಗೆ ಒಂದು ಮಾತು ಹೇಳಿ: ಬೇಗ ಬೇಗ ನಡೆದು ಮುಗಿಸುವುದು ಬೇಡ, ನಡುವೆ ಒಂದು ಕಡೆ ಹತ್ತು ನಿಮಿಷ ಸುಮ್ಮನೆ ನಿಲ್ಲಲಿ.

ಪಿ.ಎಚ್.ಸಿ. ಸಿಸ್ಟರ್

ಮಕ್ಕಳ ಜೊತೆ ಕಾಡಿಗೆ ಹೋಗುವವರು, ಮರ ಹತ್ತುವವರು ಇದನ್ನು ಓದಿ. ಡಿಸೆಂಬರಿನಿಂದ ಮೇ ವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗೊತ್ತಾದ ಕಾಯಿಲೆ ಇವತ್ತಿಗೂ ನಮ್ಮ ಜಿಲ್ಲೆಗಳಲ್ಲಿದೆ. ಹರಡುವುದು ಉಣುಗಿನಿಂದ. ಕಾಡಿಗೆ ಹೋಗುವ ಮೊದಲು ಉಣುಗು ಕಚ್ಚದಂತೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿ. ಉದ್ದ ತೋಳಿನ ಬಟ್ಟೆ ಹಾಕಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಸ್ಪತ್ರೆಗೆ ತಿಳಿಸಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಕಾನಂಚಿನ ಅಕ್ಕ, ಫೆಬ್ರವರಿಯಲ್ಲಿ ಹತ್ತಿದ್ದೀರಿ, ಎಣ್ಣೆ ಹಚ್ಚಿದ್ದಿರಾ?

ಕಾನಂಚಿನ ಮನೆ

ಹಚ್ಚಿದ್ದೆ ಸಿಸ್ಟರ್. ಆ ಹುಡುಗಿಯರು ಬಿಡಲೇ ಇಲ್ಲ.

ವಾಲ್ಪಾರೈ ಕನ್ನಡಿಗ

ಎರಡು ದಿನ ತಡವಾಗಿ ನೋಡಿದೆ. ನಾನು ತಮಿಳುನಾಡಿನ ಆನೈಮಲೈ ಬೆಟ್ಟದಲ್ಲಿ, ಚಹಾ ಎಸ್ಟೇಟ್‌ನಲ್ಲಿ ಕೆಲಸ ಮಾಡುವವನು. ನಿಮ್ಮ ಪ್ರಶ್ನೆಗೆ ಇಲ್ಲಿ ಉತ್ತರ ಇದೆ.

ಪುದುತೋಟ್ಟಂ ಅಂತ ಇಲ್ಲಿ ಒಂದು ಸಣ್ಣ ಕಾಡಿನ ತುಂಡು. ಸುತ್ತ ಚಹಾ, ನಡುವೆ ಬಸ್ ಓಡಾಡುವ ರಸ್ತೆ. ಅಲ್ಲಿ ಸಿಂಗಳೀಕ ಜಾಸ್ತಿ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನವರು ಅರಣ್ಯ ಇಲಾಖೆ ಜೊತೆ ಸೇರಿ ರಸ್ತೆ ಮೇಲೆ ಸೇತುವೆ ಕಟ್ಟಿದ್ದಾರೆ. ಸಾಮಾನು ದೊಡ್ಡದೇನಲ್ಲ, ಬೆಂಕಿ ಆರಿಸಲು ಬಳಸುವ ಕ್ಯಾನ್ವಾಸ್ ಪೈಪು. ಅದನ್ನು ಎರಡೂ ಕಡೆಯ ಗಟ್ಟಿ ಮರಕ್ಕೆ ಬಿಗಿದು ಕಟ್ಟುತ್ತಾರೆ. ಸಿಂಗಳೀಕ ಅದರ ಮೇಲೆ ನಡೆದು ಹೋಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ರಸ್ತೆಯಲ್ಲಿ ಕಾವಲಿಗೆ ಜನರೂ ಇರುತ್ತಾರೆ, ಗುಂಪು ಬಂದಾಗ ವಾಹನ ನಿಧಾನ ಮಾಡಿಸುತ್ತಾರೆ.

ನಾನು ಕಂಡುಕೊಂಡದ್ದು ಹೇಳುತ್ತೇನೆ. ನಿಮಗೆ ಅನುಕೂಲವಾದ ಜಾಗದಲ್ಲಿ ಕಟ್ಟಬೇಡಿ. ಅವು ಮೊದಲು ಎಲ್ಲಿ ದಾಟುತ್ತಿದ್ದವೋ ಅಲ್ಲೇ ಕಟ್ಟಿ. ಸೇತುವೆಯ ತುದಿ ಖಾಲಿ ಕಾಂಡಕ್ಕೆ ಬರಬಾರದು, ಎಲೆ ತುಂಬಿದ ಕೊಂಬೆಯೊಳಗೆ ಹೋಗಬೇಕು. ಜೋತು ಬೀಳದಂತೆ ಎಳೆದು ಕಟ್ಟಿ, ಲಾರಿಯ ಎತ್ತರ ನೆನಪಿರಲಿ. ಮರಕ್ಕೆ ಕಟ್ಟಿದ ಕಡೆ ತೊಗಟೆ ಕೊಯ್ಯದಂತೆ ಗೋಣಿಚೀಲ ಸುತ್ತಿ. ಪ್ರತಿ ಮಳೆಗಾಲಕ್ಕೆ ಮೊದಲು ಗಂಟು ನೋಡಿ. ಇಲಾಖೆಯ ಅನುಮತಿ ಇಲ್ಲದೆ ಒಂದು ಹಗ್ಗವನ್ನೂ ಕಟ್ಟಬೇಡಿ. ಮತ್ತೆ ಬಾಳೆಹಣ್ಣು ಇಟ್ಟು ಸೇತುವೆಗೆ ಕರೆಯಬೇಡಿ, ಹಾಗೆ ಮಾಡಿದರೆ ಮನುಷ್ಯರ ಹಿಂದೆ ಬೀಳುವುದು ಕಲಿಯುತ್ತವೆ. ಜೊತೆಗೆ ಎರಡೂ ಕಡೆ ಧೂಪ, ನೇರಳೆ ಸಸಿ ನೆಡಿ.

ಸಿಂಗಪುರದಿಂದ

ಇಲ್ಲೂ ಇದೇ ಮಾಡಿದ್ದಾರೆ. ರಾಫಲ್ಸ್ ಮುಸುವ ಅಂತ ಒಂದು ಕೋತಿ, ಇಡೀ ಸಿಂಗಪುರದಲ್ಲಿ ನೂರಕ್ಕೂ ಕಡಿಮೆ. ಅವು ದಾಟಲಿ ಅಂತ ರಸ್ತೆ ಮೇಲೆ ಹಗ್ಗದ ಸೇತುವೆ. ಭಾನುವಾರ ಅಲ್ಲಿ ನಡೆಯಲು ಹೋದಾಗಲೆಲ್ಲ ತಲೆ ಎತ್ತಿ ನೋಡುತ್ತೇನೆ. ನನಗೆ ಒಮ್ಮೆಯೂ ಕಂಡಿಲ್ಲ. ಅಕ್ಕ, ಪೈಪಿನ ಖರ್ಚು ನನ್ನದು.

ಕಾನಂಚಿನ ಮನೆ

ಮೂರೂವರೆ ತಿಂಗಳ ಮೇಲೆ ಬರೆಯುತ್ತಿದ್ದೇನೆ. ಮಳೆ ಹಿಡಿದಿದೆ, ಕರೆಂಟು ಇದ್ದಾಗ ಮುಗಿಸುತ್ತೇನೆ.

ಅರ್ಜಿ ಕೊಟ್ಟೆವು. ಊರಿನ 31 ಜನ ಸಹಿ ಹಾಕಿದರು. ಅಧಿಕಾರಿಗಳು ಬಂದು ಜಾಗ ನೋಡಿ, ಅವರ ಎದುರೇ ಕಟ್ಟಬೇಕು ಅಂತ ಷರತ್ತು ಹಾಕಿ ಒಪ್ಪಿದರು. ಮೇ ಕೊನೆಯಲ್ಲಿ ಕೊನೆಗೌಡರ ಮಗ ಇಬ್ಬರನ್ನು ಕರೆದುಕೊಂಡು ಬಂದ. ಆಚೆ ಕಡೆ ಧೂಪಕ್ಕೆ, ಈಚೆ ಕಡೆ ಹಳೆಯ ಮಾವಿನ ಮರಕ್ಕೆ ಕಟ್ಟಿದರು. ಅವನ ಅಪ್ಪನೂ ಬಂದಿದ್ದರು. ಕೆಳಗೆ ಕುರ್ಚಿಯಲ್ಲಿ ಕೂತು "ಎಡಗಡೆ ಬಿಗಿ ಸಾಲದು" ಅಂತ ಎರಡು ಸಲ ಬಿಚ್ಚಿಸಿ ಕಟ್ಟಿಸಿದರು. ಸಸಿಯೂ ನೆಟ್ಟೆವು, 12 ಧೂಪ, 8 ನೇರಳೆ. ತೋಟ ನಂಬಿದ ಅಣ್ಣ ಅವರ ನರ್ಸರಿಯಿಂದ ನೇರಳೆ ಸಸಿ ಕಳಿಸಿದ್ದರು, ದುಡ್ಡು ತೆಗೆದುಕೊಳ್ಳಲಿಲ್ಲ.

ಸಿಂಗಳೀಕ ಇನ್ನೂ ದಾಟಿಲ್ಲ. ಗುಂಪು ಎರಡು ಸಲ ಧೂಪದವರೆಗೆ ಬಂದಿತ್ತು. ದೊಡ್ಡ ಗಂಡು ಸೇತುವೆಯ ಬುಡದಲ್ಲಿ ಕೂತು ಪೈಪನ್ನು ಕೈಯಿಂದ ಒತ್ತಿ ನೋಡಿತು, ಮೂಸಿ ನೋಡಿತು, ವಾಪಸ್ ಹೋಯಿತು. ಗುಂಪು ಬಂದಾಗ ರಸ್ತೆಯಲ್ಲಿ ನಾವೇ ಇಬ್ಬರು ಕೆಂಪು ಬಟ್ಟೆ ಹಿಡಿದು ನಿಲ್ಲುತ್ತಿದ್ದೇವೆ.

ಆದರೆ ಕಟ್ಟಿದ ಹತ್ತೊಂಬತ್ತನೇ ದಿನ ಬೆಳಿಗ್ಗೆ ಏಳಕ್ಕೆ ಹಾಲು ಕೊಟ್ಟು ಬರುವಾಗ ಕೆಂದಳಿಲೊಂದು ಮಾವಿನ ಕಡೆಯಿಂದ ಹೊರಟಿತು. ಜಿಟಿಜಿಟಿ ಮಳೆ. ನಡುವಿಗೆ ಬಂದು ನಿಂತಿತು. ಬಾಲ ಒಂದು ಕಡೆ ಜೋತುಬಿಟ್ಟು, ಪೈಪು ತೂಗುವುದು ನಿಲ್ಲುವವರೆಗೆ ಹಾಗೇ ಇತ್ತು. ಆಮೇಲೆ ಓಡಿ ಧೂಪದ ಎಲೆಯೊಳಗೆ ಸೇರಿಕೊಂಡಿತು. ಕ್ಯಾನ್ ಕೆಳಗಿಟ್ಟು ನಾನು ಅಲ್ಲೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಇನ್ನೊಂದು ಬಂತು.